ಎಫ್11 ಒತ್ತಿದ್ರೆ ಫುಲ್‌ಸ್ಕ್ರೀನ್ ಆಗತ್ತೆ, ವಾಪಸ್ ಬರೋದೇ ಕಷ್ಟ: ಟಾಗಲ್ ಸರಿಯಾಗಿ ಹಾಕೋದು ಹೇಗೆ?

ಪಿಕ್ಸೆಲ್_ಪುಟ್ಟ

ಎಲ್ರಿಗೂ ನಮಸ್ಕಾರ. ಪೈಥಾನ್‌ನಲ್ಲಿ ಪೈಸೈಡ್6 (ಕ್ಯೂಟಿ ಅನ್ನೋ ಯುಐ ಟೂಲ್‌ಕಿಟ್‌ನ ಪೈಥಾನ್ ರೂಪ) ಇಟ್ಕೊಂಡು ಒಂದು ಫೋಟೋ ವ್ಯೂವರ್ ಬರೀತಾ ಇದೀನಿ. ದೊಡ್ಡದೇನಲ್ಲ, ಎಡಗಡೆ ತಂಬ್‌ನೇಲ್‌ಗಳ ಡಾಕ್ (ಪಕ್ಕದ ಫಲಕ), ಮಧ್ಯ ಚಿತ್ರ, ಮೇಲೆ ಮೆನುಬಾರು ಟೂಲ್‌ಬಾರು, ಕೆಳಗೆ ಸ್ಟೇಟಸ್‌ಬಾರು, ಅಷ್ಟೇ. ಇದಕ್ಕೆ ಫುಲ್‌ಸ್ಕ್ರೀನ್ ಟಾಗಲ್ ಹಾಕ್ಬೇಕು. ಎಫ್11 ಒತ್ತಿದ್ರೆ ಚಿತ್ರ ಬಿಟ್ಟು ಬೇರೆ ಏನೂ ಕಾಣಬಾರದು, ಮತ್ತೆ ಒತ್ತಿದ್ರೆ ಮೊದಲು ಹೇಗಿತ್ತೋ ಹಾಗೇ ಬರ್ಬೇಕು.

ಈಗ ಬರೆದಿರೋದು ಹೀಗಿದೆ. ವಿಂಡೋ ಕ್ಲಾಸಲ್ಲಿ ಒಂದು ಬೂಲಿಯನ್ ಇದೆ, ಅದು ಫಾಲ್ಸ್ ಇದ್ರೆ ಶೋಫುಲ್‌ಸ್ಕ್ರೀನ್ ಕರೆದು ಟ್ರೂ ಮಾಡ್ತೀನಿ, ಟ್ರೂ ಇದ್ರೆ ಶೋನಾರ್ಮಲ್ ಕರೆದು ಫಾಲ್ಸ್ ಮಾಡ್ತೀನಿ. ಜೊತೆಗೆ ಮೆನುಬಾರು, ಟೂಲ್‌ಬಾರು, ಡಾಕು ಎಲ್ಲಾ ಹೈಡ್ ಮಾಡಿ ವಾಪಸ್ ಬರೋವಾಗ ಶೋ ಮಾಡ್ತೀನಿ.

ಸಮಸ್ಯೆ ಒಂದಲ್ಲ. ವಿಂಡೋ ಮ್ಯಾಕ್ಸಿಮೈಸ್ ಆಗಿರೋವಾಗ ಎಫ್11 ಒತ್ತಿ ಮತ್ತೆ ಒತ್ತಿದ್ರೆ ಚಿಕ್ಕ ವಿಂಡೋ ಆಗಿ ಬರತ್ತೆ, ಮ್ಯಾಕ್ಸಿಮೈಸ್ ಹೋಗಿರತ್ತೆ. ಆಮೇಲೆ ಮೆನುಬಾರ್ ಹೈಡ್ ಮಾಡೋ ಸಾಲು ಸೇರಿಸಿದ್ಮೇಲಂತೂ ಒಳಗೆ ಹೋಗೋದು ಮಾತ್ರ, ಎರಡನೇ ಸಲ ಎಫ್11 ಒತ್ತಿದ್ರೆ ಏನೂ ಆಗಲ್ಲ, ಎರರ್ ಕೂಡ ಬರಲ್ಲ, ಆಲ್ಟ್ ಎಫ್4 ಒತ್ತಿ ಆಪ್‌ನೇ ಮುಚ್ಚಬೇಕು. ಫ್ರೆಂಡ್ ಒಬ್ಬ ಮ್ಯಾಕ್‌ನಲ್ಲಿ ಓಡಿಸಿ ನೋಡಿದ, ಅವನು ಹಸಿರು ಬಟನ್ ಒತ್ತಿ ಫುಲ್‌ಸ್ಕ್ರೀನ್ ಹೋಗಿದಾನೆ, ಆಮೇಲೆ ನಮ್ಮ ಮೆನುನಲ್ಲಿರೋ ಫುಲ್‌ಸ್ಕ್ರೀನ್ ಐಟಂ ಒತ್ತಿದ್ರೆ ಮೊದಲನೇ ಸಲ ಏನೂ ಆಗಲ್ವಂತೆ, ಎರಡನೇ ಸಲ ಒತ್ತಿದ್ರೆ ಆಚೆ ಬರತ್ತಂತೆ. ಎಫ್11 ಒತ್ತಿದ್ರೆ ಅವನ ಡೆಸ್ಕ್‌ಟಾಪ್ ಕಾಣ್ಸತ್ತಂತೆ, ಅದೇನು ಕತೆಯೋ.

ಇನ್ನೂ ಒಂದಿದೆ. ಫುಲ್‌ಸ್ಕ್ರೀನ್‌ಗೆ ಹೋದ ತಕ್ಷಣ ಫಿಟ್‌ಇನ್‌ವ್ಯೂ (ಚಿತ್ರನ ಇರೋ ಜಾಗಕ್ಕೆ ಹೊಂದಿಸೋ ಫಂಕ್ಷನ್) ಕರೀತೀನಿ, ಚಿತ್ರ ಒಮ್ಮೊಮ್ಮೆ ಸರಿಯಾಗಿ ತುಂಬ್ಕೊಳತ್ತೆ, ಒಮ್ಮೊಮ್ಮೆ ಹಳೇ ಸೈಜಲ್ಲೇ ನಿಂತಿರತ್ತೆ. ಟೈಮರ್ ಹಾಕಿ ಸ್ವಲ್ಪ ಹೊತ್ತು ಬಿಟ್ಟು ಕರೆದ್ರೆ ಸರಿಹೋಗತ್ತೆ, ಆದ್ರೆ ಅದು ಮರ್ಯಾದಸ್ಥರು ಮಾಡೋ ಕೆಲಸ ಅನ್ನಿಸ್ತಿಲ್ಲ.

ಇದನ್ನೆಲ್ಲಾ ಒಂದೇ ಕಡೆ ಸರಿ ಮಾಡೋ ದಾರಿ ಇದ್ರೆ ಹೇಳಿ.

---

ಹಳೇ_ಕಂಪೈಲರ್

ಪುಟ್ಟ, ಮೊದಲು ಆ ಬೂಲಿಯನ್ ಕಿತ್ತು ಹಾಕಿ. ನೀವು ಹೇಳಿದ ತೊಂದರೆಗಳಲ್ಲಿ ಅರ್ಧ ಅದರದ್ದೇ.

ವಿಷ್ಯ ಏನಂದ್ರೆ ಫುಲ್‌ಸ್ಕ್ರೀನ್ ಅನ್ನೋದು ನಿಮ್ಮ ಆಪ್ ತಾನಾಗೇ ಮಾಡ್ಕೊಳೋ ಕೆಲಸ ಅಲ್ಲ, ವಿಂಡೋ ಮ್ಯಾನೇಜರ್‌ಗೆ (ಎಲ್ಲಾ ವಿಂಡೋಗಳನ್ನ ನೋಡ್ಕೊಳೋ ಸಿಸ್ಟಮ್ ಭಾಗ) ಅರ್ಜಿ ಹಾಕೋದು. ಲಿನಕ್ಸ್‌ನಲ್ಲಿ ಎರಡು ಡಿಸ್‌ಪ್ಲೇ ವ್ಯವಸ್ಥೆ, ಎಕ್ಸ್11 ಆದ್ರೆ ವಿಂಡೋದ ಸ್ಟೇಟ್ ಬದಲಾಯಿಸು ಅಂತ ಮೆಸೇಜ್ ಹೋಗತ್ತೆ, ವೇಲ್ಯಾಂಡ್ ಆದ್ರೆ ಕಂಪೋಸಿಟರ್‌ಗೆ (ಅಲ್ಲಿ ವಿಂಡೋ ಮ್ಯಾನೇಜರ್ ಕೆಲಸ ಅದರದ್ದೇ) ರಿಕ್ವೆಸ್ಟ್ ಹೋಗಿ ಅದು ಹೊಸ ಸೈಜು ಹೊಸ ಸ್ಟೇಟು ಎರಡನ್ನೂ ಕಾನ್ಫಿಗರ್ ಈವೆಂಟ್ ಆಗಿ ವಾಪಸ್ ಕಳಿಸತ್ತೆ, ಮ್ಯಾಕ್‌ನಲ್ಲಿ ಅನಿಮೇಶನ್ ಬೇರೆ ಓಡತ್ತೆ. ಅರ್ಜಿ ಯಾರ್ ಬೇಕಾದ್ರೂ ಹಾಕಬಹುದು, ನಿಮ್ಮ ಮೆನುನೇ ಆಗ್ಬೇಕು ಅಂತಿಲ್ಲ. ನಿಮ್ಮ ಫ್ರೆಂಡ್ ಹಸಿರು ಬಟನ್ ಒತ್ತಿದ್ದು ಅದೇ. ಆಗ ವಿಂಡೋ ನಿಜವಾಗ್ಲೂ ಫುಲ್‌ಸ್ಕ್ರೀನ್ ಆಯ್ತು, ನಿಮ್ಮ ಬೂಲಿಯನ್‌ಗೆ ಸುದ್ದಿನೇ ಇಲ್ಲ, ಅದು ಫಾಲ್ಸ್ ಅಂತಲೇ ಕೂತಿದೆ. ಮೆನು ಒತ್ತಿದಾಗ ಈಗಾಗ್ಲೇ ಫುಲ್‌ಸ್ಕ್ರೀನ್ ಇರೋ ವಿಂಡೋನ ಮತ್ತೆ ಫುಲ್‌ಸ್ಕ್ರೀನ್ ಮಾಡಕ್ಕೆ ಹೋಯ್ತು, ಏನೂ ಕಾಣ್ಲಿಲ್ಲ, ಬೂಲಿಯನ್ ಟ್ರೂ ಆಯ್ತು. ಎರಡನೇ ಸಲಕ್ಕೆ ಲೆಕ್ಕ ಸರಿಹೋಯ್ತು. ಲಿನಕ್ಸ್‌ನಲ್ಲಿ ವಿಂಡೋ ಮ್ಯಾನೇಜರ್‌ದೇ ಸ್ವಂತ ಫುಲ್‌ಸ್ಕ್ರೀನ್ ಶಾರ್ಟ್‌ಕಟ್ ಇಟ್ಕೊಂಡಿರೋರ ಕೈಯಲ್ಲೂ ಇದೇ ಆಟ ಆಗತ್ತೆ.

ಹಂಗಾಗಿ ಟಾಗಲ್ ಫಂಕ್ಷನ್‌ನಲ್ಲಿ ಇರ್ಬೇಕಾದ್ದು ಒಂದೇ ಸಾಲು: ಈಗಿನ ವಿಂಡೋಸ್ಟೇಟ್ ತಗೊಂಡು ಅದಕ್ಕೆ ವಿಂಡೋಫುಲ್‌ಸ್ಕ್ರೀನ್ ಫ್ಲಾಗ್‌ನ ಎಕ್ಸಾರ್ ಮಾಡಿ ಸೆಟ್‌ವಿಂಡೋಸ್ಟೇಟ್‌ಗೆ ಕೊಡಿ. ಅಷ್ಟೇ. ಸ್ಟೇಟ್ ಅನ್ನೋದು ಫ್ಲಾಗ್‌ಗಳ ಗುಂಪು, ಮ್ಯಾಕ್ಸಿಮೈಸ್ಡ್ ಒಂದು ಬಿಟ್, ಫುಲ್‌ಸ್ಕ್ರೀನ್ ಇನ್ನೊಂದು ಬಿಟ್, ಎರಡೂ ಒಟ್ಟಿಗೆ ಇರಬಹುದು. ಎಕ್ಸಾರ್ ಮಾಡಿದ್ರೆ ಫುಲ್‌ಸ್ಕ್ರೀನ್ ಬಿಟ್ ಮಾತ್ರ ಏರಿ ಇಳಿಯತ್ತೆ, ಮ್ಯಾಕ್ಸಿಮೈಸ್ಡ್ ಬಿಟ್ ಇದ್ದಲ್ಲೇ ಇರತ್ತೆ, ಆಚೆ ಬಂದಾಗ ವಿಂಡೋ ಮ್ಯಾಕ್ಸಿಮೈಸ್ಡ್ ಆಗೇ ಬರತ್ತೆ. ನೀವು ಕರೀತಿರೋ ಶೋನಾರ್ಮಲ್ ಇದೆಯಲ್ಲ, ಅದು ಹೆಸರಿಗೆ ತಕ್ಕ ಹಾಗೆ ಮಿನಿಮೈಸ್ಡು ಮ್ಯಾಕ್ಸಿಮೈಸ್ಡು ಫುಲ್‌ಸ್ಕ್ರೀನು ಮೂರನ್ನೂ ಗುಡಿಸಿ ಹಾಕತ್ತೆ. ಅದಕ್ಕೇ ಚಿಕ್ಕ ವಿಂಡೋ.

ಎರಡನೇದು, ಮೆನುಬಾರ್ ಅಡಗಿಸೋ ಕೋಡ್‌ನ ಟಾಗಲ್ ಫಂಕ್ಷನ್ ಒಳಗೆ ಇಡಬೇಡಿ. ಚೇಂಜ್‌ಈವೆಂಟ್ ಓವರ್‌ರೈಡ್ ಮಾಡಿ, ಅಲ್ಲಿ ವಿಂಡೋಸ್ಟೇಟ್‌ಚೇಂಜ್ ಟೈಪ್ ಬಂದಾಗ ಇಸ್‌ಫುಲ್‌ಸ್ಕ್ರೀನ್ ಕೇಳಿ, ಅದು ಏನ್ ಹೇಳತ್ತೋ ಅದರ ಪ್ರಕಾರ ಬಾರ್‌ಗಳನ್ನ ಅಡಗಿಸಿ ಅಥವಾ ತೋರ್ಸಿ. ಆಗ ಯಾರು ಅರ್ಜಿ ಹಾಕಿದ್ರೂ, ನಿಮ್ಮ ಶಾರ್ಟ್‌ಕಟ್ಟೋ ಹಸಿರು ಬಟನ್ನೋ ವಿಂಡೋ ಮ್ಯಾನೇಜರ್ರೋ, ಯುಐ ಒಂದೇ ಥರ ನಡ್ಕೊಳತ್ತೆ. ಈ ಈವೆಂಟ್ ಮಿನಿಮೈಸ್ ಮಾಡಿದಾಗ್ಲೂ ಬರತ್ತೆ, ಹಾಗಾಗಿ ಓಲ್ಡ್‌ಸ್ಟೇಟ್ ನೋಡಿ ಫುಲ್‌ಸ್ಕ್ರೀನ್ ಬಿಟ್ ನಿಜವಾಗ್ಲೂ ಬದಲಾಗಿದ್ಯಾ ಅಂತ ಖಾತ್ರಿ ಮಾಡ್ಕೊಂಡು ಮುಂದೆ ಹೋಗಿ, ಇಲ್ಲಾಂದ್ರೆ ಸುಮ್ಸುಮ್ನೆ ಲೇಔಟ್ ಕುಣಿಯತ್ತೆ.

ಫಿಟ್‌ಇನ್‌ವ್ಯೂದೂ ಅದೇ ಜಾತಿ ರೋಗ. ಸೆಟ್‌ವಿಂಡೋಸ್ಟೇಟ್ ಕರೆದು ಮುಂದಿನ ಸಾಲಿಗೆ ಬಂದಾಗ ಹೊಸ ಸೈಜ್ ಇನ್ನೂ ಬಂದಿರತ್ತೆ ಅಂತ ಗ್ಯಾರಂಟಿ ಇಲ್ಲ. ಟೈಮರ್ ಕಿತ್ತಾಕಿ, ನಿಮ್ಮ ಗ್ರಾಫಿಕ್ಸ್ ವ್ಯೂನ ರಿಸೈಜ್‌ಈವೆಂಟ್‌ನಲ್ಲಿ ಫಿಟ್ ಮಾಡಿ. ಸೈಜ್ ಯಾವಾಗ ಬದಲಾದ್ರೂ ಆಗ ಕರೆಯತ್ತೆ, ಫುಲ್‌ಸ್ಕ್ರೀನ್ ಆದ್ರೂ ಸರಿ ಮೂಲೆ ಹಿಡಿದು ಎಳೆದ್ರೂ ಸರಿ. ಬಳಕೆದಾರ ಕೈಯಾರೆ ಝೂಮ್ ಮಾಡಿದ್ರೆ ಮಾತ್ರ ಮುಟ್ಟಬೇಡಿ, ಮುಖ ನೋಡೋಣ ಅಂತ ಹತ್ರ ಹೋಗಿರ್ತಾರೆ, ನೀವು ದಬಕ್ ಅಂತ ದೂರ ತಂದ್ಬಿಟ್ರೆ ಬೈಕೊಳ್ತಾರೆ.

---

ಕರ್ಸರ್_ಕಳ್ಳಿ

ಎಫ್11 ಯಾಕೆ ಸಾಯ್ತಿದೆ ಅನ್ನೋದು ಹೇಳ್ತೀನಿ, ಇದು ಕ್ಯೂಟಿಲಿ ಬರೆಯೋ ಎಲ್ರಿಗೂ ಒಂದಲ್ಲ ಒಂದಿನ ಕಚ್ಚೋದೇ.

ನಿಮ್ಮ ಕ್ಯೂಆಕ್ಷನ್‌ನ (ಮೆನು ಐಟಂ, ಅದರ ಶಾರ್ಟ್‌ಕಟ್ ಎರಡನ್ನೂ ಹಿಡ್ಕೊಂಡಿರೋ ಆಬ್ಜೆಕ್ಟ್) ವ್ಯೂ ಮೆನುಗೆ ಮಾತ್ರ ಸೇರಿಸಿರ್ತೀರ. ಆಕ್ಷನ್‌ನ ಶಾರ್ಟ್‌ಕಟ್ ಕೆಲಸ ಮಾಡ್ಬೇಕಾದ್ರೆ ಆ ಆಕ್ಷನ್ ಕಾಣ್ತಿರೋ ಯಾವುದಾದ್ರೂ ವಿಡ್ಜೆಟ್‌ಗೆ ಅಂಟ್ಕೊಂಡಿರ್ಬೇಕು. ಮೆನುಬಾರ್ ಹೈಡ್ ಆದ್ರೆ ಅದರೊಳಗಿನ ಮೆನು, ಅದರೊಳಗಿನ ಆಕ್ಷನ್, ಎಲ್ಲದರ ಶಾರ್ಟ್‌ಕಟ್ಟೂ ಅದರ ಜೊತೆಗೇ ಮಲಗತ್ತೆ. ಎಫ್11 ಒಂದೇ ಅಲ್ಲ, ಫುಲ್‌ಸ್ಕ್ರೀನ್‌ನಲ್ಲಿ ಕಂಟ್ರೋಲ್ ಓ, ಡಿಲೀಟ್, ಮುಂದಿನ ಚಿತ್ರ, ಯಾವ್ದು ಮೆನುನಲ್ಲಿ ಮಾತ್ರ ಇದೆಯೋ ಎಲ್ಲಾ ಒತ್ತಿ ನೋಡಿ, ಒಂದೂ ಓಡಲ್ಲ. ಪರಿಹಾರ ಸಿಂಪಲ್ಲು: ಅದೇ ಆಕ್ಷನ್‌ನ ಮೆನುಗೂ ಸೇರಿಸಿ, ಮೇನ್ ವಿಂಡೋಗೂ ಆಡ್‌ಆಕ್ಷನ್ ಕರೆದು ಸೇರಿಸಿ. ಎರಡು ಕಡೆ ಸೇರಿಸಿದ್ರೆ ಎರಡು ಸಲ ಓಡತ್ತಾ ಅಂತ ಭಯ ಬೇಡ, ಆಕ್ಷನ್ ಒಂದೇ, ಒಂದೇ ಸಲ ಓಡತ್ತೆ. ಹೊಸ ಆಕ್ಷನ್ ಮಾಡಿ ಅದೇ ಕೀ ಕೊಟ್ರೆ ಮಾತ್ರ ಆಂಬಿಗ್ಯುಯಸ್ ಅಂತ ಕ್ಯೂಟಿ ಗೊಣಗಿ ಎರಡನ್ನೂ ಬಿಟ್ಬಿಡತ್ತೆ.

ಶಾರ್ಟ್‌ಕಟ್ ವಿಷ್ಯದಲ್ಲೂ ಎಫ್11 ಅಂತ ಗಟ್ಟಿಯಾಗಿ ಬರೆದಿದ್ರೆ ಮ್ಯಾಕ್‌ನಲ್ಲಿ ಉಪಯೋಗ ಇಲ್ಲ, ಅಲ್ಲಿ ಎಫ್11ನ ಸಿಸ್ಟಮ್ಮೇ ಡೆಸ್ಕ್‌ಟಾಪ್ ತೋರ್ಸಕ್ಕೆ ಇಟ್ಕೊಂಡಿದೆ, ನಿಮ್ಮ ಆಪ್ ತನಕ ಕೀ ಬರೋದೇ ಇಲ್ಲ. ಅಲ್ಲಿನ ರೂಢಿ ಕಂಟ್ರೋಲ್ ಕಮಾಂಡ್ ಎಫ್. ಅದಕ್ಕೆ ಕ್ಯೂಕೀಸೀಕ್ವೆನ್ಸ್‌ನಲ್ಲಿ ಫುಲ್‌ಸ್ಕ್ರೀನ್ ಅಂತ ಸ್ಟ್ಯಾಂಡರ್ಡ್ ಕೀ ಇದೆ, ಅದನ್ನ ಸೆಟ್‌ಶಾರ್ಟ್‌ಕಟ್ಸ್‌ಗೆ ಕೊಡಿ, ಕೊನೇಲಿ ಎಸ್ ಇರೋದು, ಯಾಕಂದ್ರೆ ಒಂದೊಂದು ಪ್ಲಾಟ್‌ಫಾರ್ಮ್‌ಗೆ ಒಂದಕ್ಕಿಂತ ಜಾಸ್ತಿ ಕೀ ಇರತ್ತೆ. ವಿಂಡೋಸ್‌ನಲ್ಲಿ ಎಫ್11 ಜೊತೆ ಆಲ್ಟ್ ಎಂಟರ್ ಕೂಡ ಬರತ್ತೆ. ಆದ್ರೆ ಕಣ್ಮುಚ್ಚಿ ನಂಬಬೇಡಿ, ಲಿನಕ್ಸ್‌ನ ಗ್ನೋಮ್ ಡೆಸ್ಕ್‌ಟಾಪ್‌ನಲ್ಲಿ ಈ ಸ್ಟ್ಯಾಂಡರ್ಡ್ ಕೀ ಕಂಟ್ರೋಲ್ ಎಫ್11 ಕೊಡತ್ತೆ, ಬರೀ ಎಫ್11 ಒತ್ತೋ ಜನಕ್ಕೆ ಏನೂ ಆಗಲ್ಲ. ಹಾಗಾಗಿ ಸ್ಟ್ಯಾಂಡರ್ಡ್ ಪಟ್ಟಿ ತಗೊಂಡು ಅದರಲ್ಲಿ ಎಫ್11 ಇಲ್ಲಾಂದ್ರೆ ನೀವೇ ಸೇರಿಸಿ, ಆಮೇಲೆ ಸೆಟ್ ಮಾಡಿ.

ಮತ್ತೆ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಎಫ್ ಸಾಲಿನ ಕೀಗಳು ಡೀಫಾಲ್ಟಾಗಿ ವಾಲ್ಯೂಮು ಬ್ರೈಟ್‌ನೆಸ್‌ಗೆ ಹೋಗಿರತ್ತೆ, ಎಫ್ಎನ್ ಹಿಡಿದು ಒತ್ತಬೇಕು, ಅದು ಗೊತ್ತಿಲ್ದೆ ಇರೋರು ಬಹಳ. ಕೀಬೋರ್ಡ್ ಒಂದನ್ನೇ ನೆಚ್ಚಬೇಡಿ. ಚಿತ್ರದ ಮೇಲೆ ಡಬಲ್ ಕ್ಲಿಕ್ ಮಾಡಿದ್ರೂ ಟಾಗಲ್ ಆಗ್ಲಿ, ರೈಟ್ ಕ್ಲಿಕ್ ಮೆನುನಲ್ಲೂ ಫುಲ್‌ಸ್ಕ್ರೀನ್ ಬಿಡು ಅಂತ ಇರ್ಲಿ. ಒಳಗೆ ಹೋಗಿ ಆಚೆ ಬರಕ್ಕೆ ದಾರಿ ಕಾಣ್ದೆ ಇದ್ರೆ ಜನ ಪವರ್ ಬಟನ್ ಒತ್ತೋದನ್ನ ನಾನು ಕಣ್ಣಾರೆ ನೋಡಿದೀನಿ.

ಮೆನು ಐಟಂಗೆ ಟಿಕ್ ಮಾರ್ಕ್ ಬೇಕು ಅಂದ್ರೆ ಸೆಟ್‌ಚೆಕಬಲ್ ಮಾಡಿ, ಆದ್ರೆ ಸಿಗ್ನಲ್ ಟಾಗಲ್ಡ್‌ಗೆ ಕನೆಕ್ಟ್ ಮಾಡಬೇಡಿ, ಟ್ರಿಗರ್ಡ್‌ಗೆ ಮಾಡಿ. ಚೇಂಜ್‌ಈವೆಂಟ್‌ನಲ್ಲಿ ನೀವು ಸೆಟ್‌ಚೆಕ್ಡ್ ಕರೆದು ಟಿಕ್ ಸರಿ ಮಾಡ್ತೀರಲ್ಲ, ಆಗ ಟಾಗಲ್ಡ್ ಮತ್ತೆ ಹೊಡ್ಕೊಂಡು ವಿಂಡೋ ಹಿಂದೆ ಮುಂದೆ ಆಡಕ್ಕೆ ಶುರು ಮಾಡತ್ತೆ. ಟ್ರಿಗರ್ಡ್ ಆದ್ರೆ ಮನುಷ್ಯ ಒತ್ತಿದಾಗ ಮಾತ್ರ ಬರತ್ತೆ.

---

ಪಿಕ್ಸೆಲ್_ಪುಟ್ಟ

ಅಬ್ಬಾ, ಇಬ್ರಿಗೂ ದೊಡ್ಡ ಥ್ಯಾಂಕ್ಸ್. ಬೂಲಿಯನ್ ಹೋಯ್ತು, ಎಕ್ಸಾರ್ ಬಂತು, ಮ್ಯಾಕ್ಸಿಮೈಸ್ ಸರಿಯಾಗಿ ವಾಪಸ್ ಬರ್ತಿದೆ. ಮೇನ್ ವಿಂಡೋಗೆ ಆಡ್‌ಆಕ್ಷನ್ ಮಾಡಿದ ತಕ್ಷಣ ಎಫ್11 ಎದ್ದು ಕೂತ್ಕೊಂಡ್ತು. ಮ್ಯಾಕ್ ಫ್ರೆಂಡ್‌ಗೂ ಕಳಿಸಿದೀನಿ, ಹಸಿರು ಬಟನ್ ಒತ್ತಿದ್ರೂ ಟೂಲ್‌ಬಾರ್ ತಾನಾಗೇ ಹೋಗ್ತಿದೆ ಅಂದ.

ಈಗ ಇನ್ನೊಂದು ತಮಾಷೆ. ಫುಲ್‌ಸ್ಕ್ರೀನ್‌ನಲ್ಲಿ ಇರೋವಾಗ್ಲೇ ಆಪ್ ಮುಚ್ಚಿ ಮತ್ತೆ ತೆಗೆದ್ರೆ ನೇರ ಫುಲ್‌ಸ್ಕ್ರೀನಲ್ಲೇ ತೆರ್ಕೊಳತ್ತೆ, ಅದೇನೋ ಇರ್ಲಿ ಅನ್ಬಹುದು, ಆದ್ರೆ ಅಲ್ಲಿಂದ ಎಫ್11 ಒತ್ತಿ ಆಚೆ ಬಂದ್ರೆ ಟೂಲ್‌ಬಾರೂ ಇಲ್ಲ ಡಾಕೂ ಇಲ್ಲ. ಮೆನುಬಾರ್ ಮಾತ್ರ ಇರತ್ತೆ. ಕ್ಲೋಸ್‌ಈವೆಂಟ್‌ನಲ್ಲಿ ಸೇವ್‌ಜಿಯಾಮೆಟ್ರಿ, ಸೇವ್‌ಸ್ಟೇಟ್ ಎರಡೂ ಕರೆದು ಕ್ಯೂಸೆಟ್ಟಿಂಗ್ಸ್‌ಗೆ ಹಾಕ್ತಿದೀನಿ, ಶುರುವಾಗೋವಾಗ ರಿಸ್ಟೋರ್ ಮಾಡ್ತಿದೀನಿ. ಆಚೆ ಬಂದಾಗ ಎಲ್ಲಾ ಬಾರ್‌ಗೂ ಬಲವಂತವಾಗಿ ಶೋ ಕರೆದ್ಬಿಡ್ಲಾ?

---

ಹಳೇ_ಕಂಪೈಲರ್

ಬಲವಂತ ಬೇಡ. ಯಾರೋ ತಂಬ್‌ನೇಲ್ ಡಾಕ್ ಇಷ್ಟ ಇಲ್ಲ ಅಂತ ಮೊದಲೇ ಮುಚ್ಚಿಟ್ಟಿರ್ತಾರೆ, ನೀವು ಫುಲ್‌ಸ್ಕ್ರೀನ್‌ಗೆ ಹೋಗಿ ಬಂದ ನೆಪದಲ್ಲಿ ಅದನ್ನ ತೆಗೆದು ಎದುರಿಗೆ ನಿಲ್ಸಿದ್ರೆ ಏನ್ ಚೆಂದ.

ಆಗ್ತಿರೋದು ಇದು. ಸೇವ್‌ಜಿಯಾಮೆಟ್ರಿ ಅನ್ನೋದು ಸೈಜು ಜಾಗದ ಜೊತೆ ಮ್ಯಾಕ್ಸಿಮೈಸ್ಡ್, ಫುಲ್‌ಸ್ಕ್ರೀನ್ ಸ್ಟೇಟನ್ನೂ ಸೇರಿಸೇ ಬರೆಯತ್ತೆ, ಅದಕ್ಕೇ ಮುಂದಿನ ಸಲ ಫುಲ್‌ಸ್ಕ್ರೀನಲ್ಲಿ ತೆರೀತಿದೆ. ಸೇವ್‌ಸ್ಟೇಟ್ ಅನ್ನೋದು ಟೂಲ್‌ಬಾರ್ ಮತ್ತೆ ಡಾಕ್‌ಗಳು ಎಲ್ಲಿವೆ, ಕಾಣ್ತಿವೆಯೋ ಇಲ್ವೋ ಅಂತ ಬರೆಯತ್ತೆ. ಮೆನುಬಾರು ಸ್ಟೇಟಸ್‌ಬಾರು ಅದರ ಲೆಕ್ಕಕ್ಕೆ ಬರಲ್ಲ, ಅದಕ್ಕೆ ನಿಮಗೆ ಮೆನುಬಾರ್ ಉಳ್ಕೊಂಡಿದೆ. ನೀವು ಫುಲ್‌ಸ್ಕ್ರೀನ್ ಒಳಗಿದ್ದಾಗ ಸೇವ್ ಮಾಡಿದ್ರಿ, ಆಗ ಬಾರ್‌ಗಳೆಲ್ಲಾ ಅಡಗಿದ್ವು, ಅಡಗಿರೋದೇ ಬಳಕೆದಾರನ ಇಷ್ಟ ಅಂತ ಡಿಸ್ಕಿಗೆ ಹೋಯ್ತು.

ದಾರಿ ಏನಂದ್ರೆ ಒಳಗೆ ಹೋಗೋ ಹೊತ್ತಿಗೆ, ಬಾರ್‌ಗಳನ್ನ ಅಡಗಿಸೋಕೆ ಮುಂಚೆ, ಸೇವ್‌ಸ್ಟೇಟ್ ಕರೆದು ಅದು ಕೊಡೋ ಬೈಟ್‌ಅರೇನ (ಉಳಿಸಿದ ಮಾಹಿತಿಯ ಕಟ್ಟು) ಒಂದು ವೇರಿಯಬಲ್‌ನಲ್ಲಿ ಇಟ್ಕೊಳಿ. ಮೆನುಬಾರು ಸ್ಟೇಟಸ್‌ಬಾರು ಕಾಣ್ತಿತ್ತಾ ಅಂತ ಬೇರೆ ಗುರುತು ಹಾಕ್ಕೊಳಿ. ಆಚೆ ಬಂದಾಗ ಒಂದೊಂದಕ್ಕೂ ಶೋ ಕರೆಯೋ ಬದಲು ಆ ಬೈಟ್‌ಅರೇನೇ ರಿಸ್ಟೋರ್‌ಸ್ಟೇಟ್‌ಗೆ ಕೊಡಿ, ಯಾವುದು ತೆರೆದಿತ್ತು ಯಾವುದು ಮುಚ್ಚಿತ್ತು ಎಲ್ಲಾ ಹಾಗೇ ಬರತ್ತೆ. ಕ್ಲೋಸ್‌ಈವೆಂಟ್‌ನಲ್ಲಿ ಇಸ್‌ಫುಲ್‌ಸ್ಕ್ರೀನ್ ನಿಜ ಆದ್ರೆ ಇದೇ ಇಟ್ಕೊಂಡಿರೋ ಅರೇನ ಸೆಟ್ಟಿಂಗ್ಸ್‌ಗೆ ಬರೀರಿ, ಹೊಸದಾಗಿ ಸೇವ್‌ಸ್ಟೇಟ್ ಕರೀಬೇಡಿ. ಟೂಲ್‌ಬಾರ್‌ಗೆ ಡಾಕ್‌ಗೆ ಆಬ್ಜೆಕ್ಟ್‌ನೇಮ್ ಕೊಟ್ಟಿದೀರ ತಾನೇ? ಇಲ್ಲಾಂದ್ರೆ ರಿಸ್ಟೋರ್‌ಸ್ಟೇಟ್‌ಗೆ ಯಾವುದು ಯಾವುದು ಅಂತ ಗೊತ್ತಾಗಲ್ಲ.

ಶುರುವಿನಲ್ಲೇ ಫುಲ್‌ಸ್ಕ್ರೀನ್ ಆಗಿ ತೆರೀಬೇಕಾ ಬೇಡ್ವಾ ಅನ್ನೋದು ನಿಮ್ಮ ತೀರ್ಮಾನ. ನನ್ನ ಕೇಳಿದ್ರೆ ಫೋಟೋ ವ್ಯೂವರ್‌ಗೆ ಬೇಡ. ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿದೋರಿಗೆ ಇದ್ದಕ್ಕಿದ್ದಂಗೆ ಪರದೆ ಪೂರ್ತಿ ಕಪ್ಪಾಗಿ ನಿಂತ್ರೆ ಗಾಬರಿ ಆಗತ್ತೆ. ರಿಸ್ಟೋರ್‌ಜಿಯಾಮೆಟ್ರಿ ಆದ್ಮೇಲೆ, ಶೋ ಕರೆಯೋ ಮುಂಚೆ, ಸ್ಟೇಟ್‌ನಿಂದ ಫುಲ್‌ಸ್ಕ್ರೀನ್ ಬಿಟ್ ಮಾತ್ರ ತೆಗೆದು ಸೆಟ್ ಮಾಡಿದ್ರೆ ಸಾಕು.

---

ಟ್ಯಾಬ್_ತಿಮ್ಮ

ಯಾರೂ ಎಸ್ಕೇಪ್ ಬಗ್ಗೆ ಮಾತಾಡ್ಲಿಲ್ವಲ್ಲ. ಆಚೆ ಬರಕ್ಕೆ ಎಸ್ಕೇಪ್ ಇಡಲೇಬೇಕು, ಫುಲ್‌ಸ್ಕ್ರೀನಲ್ಲಿ ಸಿಕ್ಕಾಕ್ಕೊಂಡೋರು ಮೊದಲು ಒತ್ತೋದೇ ಅದು. ಜಾವಾದ ಯುಐ ಟೂಲ್‌ಕಿಟ್ ಜಾವಾಎಫ್ಎಕ್ಸ್‌ನಲ್ಲಿ ಏನೂ ಬರೀದೇನೇ ಡೀಫಾಲ್ಟಾಗಿ ಎಸ್ಕೇಪ್ ಒತ್ತಿದ್ರೆ ಆಚೆ ಬರತ್ತೆ, ಒಳಗೆ ಹೋದಾಗ ಎಸ್ಕೇಪ್ ಒತ್ತಿ ಅಂತ ಒಂದು ಸೂಚನೆನೂ ಪರದೆ ಮೇಲೆ ತೋರ್ಸತ್ತೆ. ಎಲ್ಲಾ ಟೂಲ್‌ಕಿಟ್ಟೂ ಹಾಗೇ ಇರ್ಬೇಕಿತ್ತು.

---

ಕರ್ಸರ್_ಕಳ್ಳಿ

ಎಲ್ಲಾದಕ್ಕೂ ಒಂದೇ ನಿಯಮ ಹೇಳಕ್ಕಾಗಲ್ಲ ತಿಮ್ಮಣ್ಣ. ಬ್ರೌಸರ್‌ನೇ ನೋಡಿ. ಕ್ರೋಮ್‌ನಲ್ಲಿ ಎಫ್11 ಒತ್ತಿ ಫುಲ್‌ಸ್ಕ್ರೀನ್ ಹೋದ್ರೆ ಎಸ್ಕೇಪ್ ಸುಮ್ನೆ ಒಂದ್ಸಲ ತಟ್ಟಿದ್ರೆ ಬಗ್ಗಲ್ಲ, ಮತ್ತೆ ಎಫ್11 ಒತ್ತಿ ಆಚೆ ಬರೋದು. ಅದೇ ವಿಡಿಯೋ ಒಳಗಿನ ಫುಲ್‌ಸ್ಕ್ರೀನ್ ಬಟನ್ ಒತ್ತಿದ್ರೆ ಎಸ್ಕೇಪ್ ಒತ್ತಿದ ಕೂಡ್ಲೇ ಆಚೆ ಬರತ್ತೆ. ಕಾರಣ ಇದೆ. ಎರಡನೇದು ವೆಬ್ ಪೇಜ್ ಕೇಳಿದ್ದು, ಕಂಡೋರ ಪೇಜ್ ಇಡೀ ಪರದೆ ಹಿಡ್ಕೊಂಡು ನಕಲಿ ಅಡ್ರೆಸ್‌ಬಾರ್, ನಕಲಿ ಲಾಗಿನ್ ಬಾಕ್ಸ್ ಬಿಡಿಸಿ ಪಾಸ್‌ವರ್ಡ್ ಕದೀಬಹುದು, ಹಾಗಾಗಿ ಬಳಕೆದಾರನ ಕೈಲಿ ಯಾವಾಗ್ಲೂ ಕೆಲಸ ಮಾಡೋ ಒಂದು ಕೀ ಇರ್ಲಿ, ಜೊತೆಗೆ ಒಂದು ಸೂಚನೆನೂ ಬರ್ಲಿ ಅಂತ ಹಾಗೆ ಮಾಡಿದಾರೆ. ಮೊದಲನೇದು ಬಳಕೆದಾರ ತಾನೇ ಬೇಕು ಅಂತ ಒತ್ತಿದ್ದು, ಅಲ್ಲಿ ಪೇಜ್‌ನೊಳಗಿನ ಎಸ್ಕೇಪ್ ಪೇಜ್‌ಗೇ ಸೇರಬೇಕು.

ಡೆಸ್ಕ್‌ಟಾಪ್ ಆಪ್‌ನಲ್ಲೂ ಇದೇ ಕೇಳ್ಕೊಳಿ: ಎಸ್ಕೇಪ್‌ಗೆ ಇಲ್ಲಿ ಬೇರೆ ಕೆಲಸ ಇದ್ಯಾ? ಟೆಕ್ಸ್ಟ್ ಎಡಿಟರ್ ಆದ್ರೆ ಸರ್ಚ್ ಬಾರ್ ಮುಚ್ಚಕ್ಕೆ, ಆಟೋಕಂಪ್ಲೀಟ್ ಪಟ್ಟಿ ಕಳಿಸಕ್ಕೆ, ವಿಮ್ ಎಡಿಟರ್ ಥರದ ಮೋಡ್ ಇಟ್ಕೊಂಡೋರಿಗಂತೂ ಕ್ಷಣಕ್ಕೊಂದ್ಸಲ ಎಸ್ಕೇಪ್ ಬೇಕು, ಅದಕ್ಕೆ ಫುಲ್‌ಸ್ಕ್ರೀನ್ ಕಟ್ಟಿದ್ರೆ ವಿಂಡೋ ಕಣ್ಣಾಮುಚ್ಚಾಲೆ ಆಡತ್ತೆ. ಪುಟ್ಟ ಅವರದ್ದು ಫೋಟೋ ವ್ಯೂವರ್, ಎಸ್ಕೇಪ್‌ಗೆ ಬೇರೆ ಗಿರಾಕಿ ಇಲ್ಲ, ಇಡ್ಲಿ. ಆದ್ರೆ ಅದು ಟಾಗಲ್ ಆಗಬಾರದು, ಆಚೆ ಬರಕ್ಕೆ ಮಾತ್ರ. ಬೇರೆ ಶಾರ್ಟ್‌ಕಟ್ ಆಬ್ಜೆಕ್ಟ್ ಮಾಡಿ, ಚೇಂಜ್‌ಈವೆಂಟ್‌ನಲ್ಲಿ ಫುಲ್‌ಸ್ಕ್ರೀನ್ ಇದ್ದಾಗ ಮಾತ್ರ ಎನೇಬಲ್ ಮಾಡಿ.

---

ಹೊಸಬ_ಡಾಟ್‌ನೆಟ್

ಮಧ್ಯೆ ಬಾಯಿ ಹಾಕ್ತಿದೀನಿ, ಕ್ಷಮಿಸಿ. ನಂದು ಡಬ್ಲ್ಯೂಪಿಎಫ್, ಮೈಕ್ರೋಸಾಫ್ಟ್ ಡಾಟ್‌ನೆಟ್‌ನ ಯುಐ ಟೂಲ್‌ಕಿಟ್. ಅಲ್ಲಿ ಇಸ್‌ಫುಲ್‌ಸ್ಕ್ರೀನ್ ಅಂತ ಪ್ರಾಪರ್ಟಿನೇ ಸಿಗ್ತಿಲ್ಲ. ವಿಂಡೋಸ್ಟೈಲ್ ‘ನನ್’ (ಟೈಟಲ್‌ಬಾರ್ ಬಾರ್ಡರ್ ಏನೂ ಇಲ್ಲ) ಮಾಡಿ ಮ್ಯಾಕ್ಸಿಮೈಸ್ ಮಾಡು ಅಂತ ಎಲ್ಲಾ ಕಡೆ ಹೇಳಿದಾರೆ, ಚಿಕ್ಕ ವಿಂಡೋದಿಂದ ಹೋದ್ರೆ ಚೆನ್ನಾಗಿ ಹೋಗತ್ತೆ, ಮೊದಲೇ ಮ್ಯಾಕ್ಸಿಮೈಸ್ ಆಗಿದ್ರೆ ಮಾತ್ರ ಟಾಸ್ಕ್‌ಬಾರ್ ಕೆಳಗೆ ಹಾಗೇ ಕೂತಿರತ್ತೆ. ಯಾಕೆ?

---

ಹಳೇ_ಕಂಪೈಲರ್

ಸಿಗಲ್ಲ, ಯಾಕಂದ್ರೆ ವಿಂಡೋಸ್‌ನ ಹಳೇ ವಿನ್32 ಎಪಿಐನಲ್ಲೇ ಫುಲ್‌ಸ್ಕ್ರೀನ್ ಅನ್ನೋ ಸ್ಟೇಟ್ ಇಲ್ಲ. ಮಿನಿಮೈಸ್ಡ್ ಇದೆ, ಮ್ಯಾಕ್ಸಿಮೈಸ್ಡ್ ಇದೆ, ಫುಲ್‌ಸ್ಕ್ರೀನ್ ಅಂದ್ರೆ ಬಾರ್ಡರ್ ಇಲ್ಲದ, ಮಾನಿಟರ್‌ನಷ್ಟೇ ದೊಡ್ಡದಾದ ಮಾಮೂಲಿ ವಿಂಡೋ, ಅಷ್ಟೇ.

ಮೈಕ್ರೋಸಾಫ್ಟ್‌ನ ರೇಮಂಡ್ ಚೆನ್ 2010ರಲ್ಲಿ ತಮ್ಮ ಬ್ಲಾಗ್‌ನಲ್ಲಿ ಇದಕ್ಕೆ ಒಂದು ಪುಟ್ಟ ಫಂಕ್ಷನ್ ಬರೆದಿದ್ರು, ಈಗ್ಲೂ ಜನ ಅದನ್ನೇ ಎತ್ಕೊಂಡು ಹಾಕ್ತಾರೆ. ಒಳಗೆ ಹೋಗೋವಾಗ ಗೆಟ್‌ವಿಂಡೋಪ್ಲೇಸ್‌ಮೆಂಟ್ ಕರೆದು ಈಗಿನ ಜಾಗ, ಸೈಜು, ಮ್ಯಾಕ್ಸಿಮೈಸ್ಡ್ ಹೌದೋ ಅಲ್ವೋ ಎಲ್ಲಾ ಎತ್ತಿಟ್ಕೊಳೋದು, ವಿಂಡೋ ಯಾವ ಮಾನಿಟರ್ ಮೇಲಿದೆ ಅಂತ ಕೇಳಿ ಅದರ ಪೂರ್ತಿ ಚೌಕ ತಗೊಳೋದು, ಸ್ಟೈಲ್‌ನಿಂದ ಟೈಟಲ್‌ಬಾರ್ ಬಾರ್ಡರ್ ಬಿಟ್‌ಗಳನ್ನ ತೆಗೆಯೋದು, ಸೆಟ್‌ವಿಂಡೋಪೋಸ್‌ನಲ್ಲಿ ಫ್ರೇಮ್ ಬದಲಾಯ್ತು ಅನ್ನೋ ಫ್ಲಾಗ್ ಕೊಟ್ಟು ಅಷ್ಟಗಲ ಹರಡೋದು. ಆಚೆ ಬರೋವಾಗ ಸ್ಟೈಲ್ ವಾಪಸ್ ಹಾಕಿ ಎತ್ತಿಟ್ಟ ಪ್ಲೇಸ್‌ಮೆಂಟ್ ಕೊಡೋದು. ನೋಡಿ, ಅದ್ರಲ್ಲೂ ಬೂಲಿಯನ್ ಇಲ್ಲ! ಬಾರ್ಡರ್ ಬಿಟ್‌ಗಳು ಸ್ಟೈಲ್‌ನಲ್ಲಿ ಇವೆಯಾ ಅಂತ ವಿಂಡೋನೇ ಕೇಳಿ ಒಳಗೋ ಹೊರಗೋ ತೀರ್ಮಾನ ಮಾಡ್ತಾರೆ. ಮಾನಿಟರ್ ಮಾಹಿತಿಯಲ್ಲಿ ಎರಡು ಚೌಕ ಬರತ್ತೆ, ಒಂದು ಪೂರ್ತಿ ಮಾನಿಟರ್, ಇನ್ನೊಂದು ಟಾಸ್ಕ್‌ಬಾರ್ ಬಿಟ್ಟು ಉಳಿದ ವರ್ಕ್ ಏರಿಯಾ, ಎರಡನೇದನ್ನ ತಗೊಂಡ್ರೆ ಟಾಸ್ಕ್‌ಬಾರ್ ಕಾಣ್ತಾನೇ ಇರತ್ತೆ.

ನಿಮ್ಮ ಡಬ್ಲ್ಯೂಪಿಎಫ್‌ದೂ ಹಾಗೇ. ಮ್ಯಾಕ್ಸಿಮೈಸ್ ಆದ ವಿಂಡೋ ವರ್ಕ್ ಏರಿಯಾ ಲೆಕ್ಕದಲ್ಲಿ ಕೂತಿದೆ, ನೀವು ಸ್ಟೈಲ್ ಮಾತ್ರ ಬದಲಾಯಿಸಿ ಮತ್ತೆ ಮ್ಯಾಕ್ಸಿಮೈಸ್ಡ್ ಅಂದ್ರೆ ಸ್ಟೇಟ್ ಬದಲಾಗಿಲ್ಲ, ಲೆಕ್ಕ ಮತ್ತೆ ಆಗಲ್ಲ. ಮೊದಲು ವಿಂಡೋಸ್ಟೇಟ್ ನಾರ್ಮಲ್ ಮಾಡಿ, ಆಮೇಲೆ ವಿಂಡೋಸ್ಟೈಲ್ ನನ್, ರಿಸೈಜ್‌ಮೋಡ್ ನೋರಿಸೈಜ್, ಕೊನೇಲಿ ಮ್ಯಾಕ್ಸಿಮೈಸ್ಡ್. ಈ ಆರ್ಡರ್ ಮುಖ್ಯ. ಹಳೇ ಸ್ಟೇಟು ಸ್ಟೈಲು ಎತ್ತಿಟ್ಕೊಂಡು ವಾಪಸ್ ಬರೋವಾಗ ಅದನ್ನೇ ಕೊಡಿ.

---

ಹೊಸಬ_ಡಾಟ್‌ನೆಟ್

ಆರ್ಡರ್ ಬದಲಾಯಿಸಿದ್ದಕ್ಕೆ ಟಾಸ್ಕ್‌ಬಾರ್ ಮಾಯ. ಸ್ವಲ್ಪ ಮಿಣುಕ್ ಅನ್ನತ್ತೆ ಆದ್ರೂ ಪರವಾಗಿಲ್ಲ. ಧನ್ಯವಾದ ಸರ್.

---

ಪಿಕ್ಸೆಲ್_ಪುಟ್ಟ

ಸೇವ್‌ಸ್ಟೇಟ್ ವಿಷ್ಯ ಸರಿಹೋಯ್ತು. ಕೊನೇ ಪ್ರಶ್ನೆ, ಎರಡು ಮಾನಿಟರ್ ಇದ್ದಾಗ ಫೋಟೋನ ಎರಡನೇ ಮಾನಿಟರ್‌ನಲ್ಲಿ ಫುಲ್‌ಸ್ಕ್ರೀನ್ ತೋರ್ಸಿ ಅಂತ ಒಬ್ರು ಕೇಳಿದಾರೆ. ವಿಂಡೋನ ಆ ಕಡೆ ಮೂವ್ ಮಾಡಿ ಫುಲ್‌ಸ್ಕ್ರೀನ್ ಮಾಡಿದ್ರೆ ವಿಂಡೋಸ್‌ನಲ್ಲಿ ನಡೀತಿದೆ, ಲಿನಕ್ಸ್‌ನಲ್ಲಿ ಮೊದಲನೇ ಮಾನಿಟರಲ್ಲೇ ನಿಲ್ಲತ್ತೆ.

---

ಕರ್ಸರ್_ಕಳ್ಳಿ

ನಿಮ್ಮ ಲಿನಕ್ಸ್‌ನಲ್ಲಿ ವೇಲ್ಯಾಂಡ್ ಸೆಶನ್ ಇರ್ಬೇಕು. ಅಲ್ಲಿ ವಿಂಡೋ ತಾನು ಎಲ್ಲಿ ನಿಲ್ಲಬೇಕು ಅಂತ ತಾನೇ ಹೇಳೋ ಹಾಗಿಲ್ಲ, ಮೂವ್ ಕರೆದ್ರೆ ಗಾಳಿಗೆ ಹೇಳಿದ ಹಾಗೆ. ಆದ್ರೆ ಫುಲ್‌ಸ್ಕ್ರೀನ್ ಕೇಳೋ ರಿಕ್ವೆಸ್ಟ್‌ನಲ್ಲಿ ಯಾವ ಔಟ್‌ಪುಟ್ (ಅಂದ್ರೆ ಮಾನಿಟರ್) ಬೇಕು ಅಂತ ಹೇಳಕ್ಕೆ ಜಾಗ ಇದೆ, ಕೊನೇ ಮಾತು ಕಂಪೋಸಿಟರ್‌ದು. ಕ್ಯೂಟಿಲಿ ಮೂವ್ ಬಿಟ್ಟು ವಿಂಡೋಹ್ಯಾಂಡಲ್ ತಗೊಂಡು ಅದರ ಸೆಟ್‌ಸ್ಕ್ರೀನ್‌ಗೆ ಬೇಕಾದ ಸ್ಕ್ರೀನ್ ಕೊಟ್ಟು ಆಮೇಲೆ ಫುಲ್‌ಸ್ಕ್ರೀನ್ ಮಾಡಿ ನೋಡಿ. ವಿಂಡೋ ಇನ್ನೂ ಒಮ್ಮೆನೂ ತೋರ್ಸಿಲ್ಲ ಅಂದ್ರೆ ಹ್ಯಾಂಡಲ್ ಇರಲ್ಲ, ‘ನನ್’ (ಅಂದ್ರೆ ಖಾಲಿ) ಬರತ್ತೆ, ಅದನ್ನ ಚೆಕ್ ಮಾಡ್ಕೊಳಿ. ಇರೋ ವಿಂಡೋನ ಎಳೆದಾಡೋದಕ್ಕಿಂತ ಎರಡನೇ ಮಾನಿಟರ್‌ಗೆ ಬರೀ ಚಿತ್ರ ತೋರ್ಸೋ ಬೇರೆ ವಿಂಡೋ ಮಾಡೋದು ಒಳ್ಳೇದು, ತಂಬ್‌ನೇಲ್ ಪಟ್ಟಿ ಇತ್ತ ಕಡೆ ಇರತ್ತೆ, ಚಿತ್ರ ಅತ್ತ ಕಡೆ.

ಚಿತ್ರ ತೋರ್ಸಕ್ಕೆ ಓಪನ್‌ಜಿಎಲ್ (ಗ್ರಾಫಿಕ್ಸ್ ಕಾರ್ಡ್ ಬಳಸಿ ಬಿಡಿಸೋ) ವಿಡ್ಜೆಟ್ ಏನಾದ್ರೂ ಬಳಸ್ತಿದೀರಾ? ಹಾಗಿದ್ರೆ ವಿಂಡೋಸ್‌ನಲ್ಲಿ ಫುಲ್‌ಸ್ಕ್ರೀನ್ ಹೋದಾಗ ರೈಟ್ ಕ್ಲಿಕ್ ಮೆನು, ಡೈಲಾಗ್ ಕಾಣ್ದೆ ಹೋಗೋ ತೊಂದರೆ ಇದೆ, ಕ್ಯೂಟಿ ಡಾಕ್ಯುಮೆಂಟೇಶನ್‌ನಲ್ಲೇ ಬರೆದಿದಾರೆ, ಫುಲ್‌ಸ್ಕ್ರೀನ್ ವಿಂಡೋಗೆ ಒಂದು ಪಿಕ್ಸೆಲ್ ಬಾರ್ಡರ್ ಬಿಡೋ ಸೆಟ್ಟಿಂಗ್ ಹಾಕಿದ್ರೆ ಹೋಗತ್ತೆ.

---

ಪಿಕ್ಸೆಲ್_ಪುಟ್ಟ

ಓಪನ್‌ಜಿಎಲ್ ಇಲ್ಲ, ಬಚಾವ್. ಬೇರೆ ವಿಂಡೋ ಐಡಿಯಾ ಇಷ್ಟ ಆಯ್ತು, ಸೆಟ್‌ಸ್ಕ್ರೀನ್ ಹಾಕಿದ್ಮೇಲೆ ಲಿನಕ್ಸ್‌ನ ಕೆಡಿಇ ಡೆಸ್ಕ್‌ಟಾಪ್‌ನಲ್ಲಿ ಎರಡನೇ ಮಾನಿಟರ್‌ಗೇ ಹೋಗ್ತಿದೆ. ಎಸ್ಕೇಪ್‌ನ ಆಚೆ ಬರಕ್ಕೆ ಮಾತ್ರ ಇಟ್ಟೆ, ಬೇಡ ಅನ್ನೋರಿಗೆ ಸೆಟ್ಟಿಂಗ್ಸ್‌ನಲ್ಲಿ ಒಂದು ಚೆಕ್‌ಬಾಕ್ಸ್ ಕೊಟ್ಟಿದೀನಿ.

---

ಟ್ಯಾಬ್_ತಿಮ್ಮ

ಆ ಚೆಕ್‌ಬಾಕ್ಸ್ ಡೀಫಾಲ್ಟಾಗಿ ಆನ್ ಇದೆ ತಾನೇ?

---

ಪಿಕ್ಸೆಲ್_ಪುಟ್ಟ

ಆನ್ ಇದೆ ಅಣ್ಣಾ.